ಮುತ್ತು ಕಟ್ಟುವ ಪದ್ಧತಿ: ಮಹಾಕೂಟದ ಶಾಸನದಿಂದ 2025ರ ಮಸೂದೆಯವರೆಗೆ

ಕೆಂಪು ಮತ್ತು ಬಿಳಿ ಮಣಿಗಳನ್ನು ಪೋಣಿಸಿದ ಒಂದು ದಾರ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಮುತ್ತು ಎನ್ನುತ್ತಾರೆ. ಇನ್ನೂ ಮೈನೆರೆಯದ ಹುಡುಗಿಗೆ ಎಣ್ಣೆ, ಭಂಡಾರ ಹಚ್ಚಿ ಮೀಯಿಸಿ, ಹೊಸ ಸೀರೆ ಉಡಿಸಿ, ಎಲ್ಲಮ್ಮ ದೇವಿಗೆ ಹಿಂದೆಯೇ ಬಿಟ್ಟ ಹೆಂಗಸರಾದ ಹಿರಿಯ ಜೋಗತಿಯರ ನಡುವೆ ಕೂರಿಸಿ ಕೊರಳಿಗೆ ಅದನ್ನು ಕಟ್ಟುತ್ತಾರೆ. ಮಂಗಳವಾರ, ಶುಕ್ರವಾರ ಜೋಗ, ಅಂದರೆ ದೇವಿಯ ಹೆಸರಿನ ಭಿಕ್ಷೆ, ಬೇಡಬೇಕು, ಯಾರನ್ನೂ ಮದುವೆಯಾಗಬಾರದು ಎಂದು ಹೇಳಿಕೊಡುತ್ತಾರೆ. ಅಲ್ಲಿಂದ ಮುಂದೆ ಅವಳು ಎಲ್ಲಮ್ಮನ ಹೆಸರಿನ ಮುತ್ತೈದೆ, ದೇವದಾಸಿ. ಮೈನೆರೆದ ಮೇಲೆ ಊರಿನ ಒಬ್ಬ ಗಂಡಸು ಅವಳನ್ನು ಇಟ್ಟುಕೊಳ್ಳುತ್ತಾನೆ. ಮುತ್ತು ಕಟ್ಟುವ ವಿಧಿಯಲ್ಲಿ ದೇವಿಯಿದ್ದಾಳೆ, ತಾಯಿ ತಂದೆಯಿದ್ದಾರೆ, ಜೋಗತಿಯರಿದ್ದಾರೆ, ಪೂಜಾರಿಯಿದ್ದಾನೆ. ಆ ಗಂಡಸು ಮಾತ್ರ ಅಲ್ಲಿ ಎಲ್ಲಿಯೂ ಕಾಣುವುದಿಲ್ಲ. ಈ ಪದ್ಧತಿಯನ್ನು ತಡೆಯಲು ಬಂದ ಕಾನೂನುಗಳಲ್ಲೂ ಬಹುಕಾಲ ಅವನು ಕಾಣಲಿಲ್ಲ.

ದೇವದಾಸಿ ಎಂಬ ಒಂದೇ ಪದದಡಿ ಎರಡು ಬೇರೆ ಬೇರೆ ಚರಿತ್ರೆಗಳನ್ನು ಸೇರಿಸಿಬಿಡುವುದರಿಂದ ತುಂಬ ಗೊಂದಲವಾಗುತ್ತದೆ. ಬಾದಾಮಿ ಬಳಿಯ ಮಹಾಕೂಟದ ಶಾಸನದಲ್ಲಿ ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ಹೆಸರಿದೆ. ವಿಜಯಾದಿತ್ಯ ಆಳಿದ್ದು 696ರಿಂದ 733ರವರೆಗೆ. ಶಾಸನ ಅವಳ ವಂಶವನ್ನು ಹೇಳುವುದು ಹೆಣ್ಣಿನ ಕಡೆಯಿಂದ: ಅಜ್ಜಿ ರೇವಮಂಚಳು, ತಾಯಿ ಕುಚಿಪೋಟಿ, ಮಗಳು ವಿನಾಪೋಟಿ. ದೇವರ ಪೀಠಕ್ಕೆ ಮಾಣಿಕ ಹಾಕಿಸಿ, ಬೆಳ್ಳಿಯ ಕೊಡೆ ಏರಿಸಿ, ಮಂಗಳುಲ್ಲೆಯಲ್ಲಿ ಎಂಟುನೂರರ ಅಳತೆಯ ಹೊಲವನ್ನು ಕೊಟ್ಟಳು ಎಂದೂ ಅಲ್ಲಿದೆ. ಕೈಯಲ್ಲಿ ಆಸ್ತಿಯಿದ್ದ, ದಾನ ಕೊಡುವ ಅಧಿಕಾರವಿದ್ದ ಹೆಣ್ಣು ಅವಳು. ದೊಡ್ಡ ದೇವಸ್ಥಾನಗಳಲ್ಲಿ ಹಾಡು, ಕುಣಿತದ ಸೇವೆ ಮಾಡುತ್ತ ಉಂಬಳಿ ಭೂಮಿ ಪಡೆದ ಹೆಣ್ಣುಮಕ್ಕಳದು ಇದಕ್ಕೆ ಹತ್ತಿರದ ಕತೆ. ಸವದತ್ತಿ ಎಲ್ಲಮ್ಮನಿಗೆ, ಉಚ್ಚಂಗಿ ದುರ್ಗದ ಉಚ್ಚಂಗೆಮ್ಮನಿಗೆ ಬಿಟ್ಟ ಹುಡುಗಿಯರದು ಬೇರೆಯೇ ಕತೆ. ಅವರಲ್ಲಿ ಬಹುಪಾಲು ದಲಿತ ಕೇರಿಯವರು. ದೇವಸ್ಥಾನದಲ್ಲಿ ಅವರಿಗೆ ಹುದ್ದೆಯಿರಲಿಲ್ಲ, ಉಂಬಳಿಯೂ ಇರಲಿಲ್ಲ. ವಿನಾಪೋಟಿಯನ್ನು ತೋರಿಸಿ, ಹಿಂದೆ ಇದು ಗೌರವದ ಪದ್ಧತಿಯಾಗಿತ್ತು ಎಂದು ಇಂದಿನ ಜೋಗತಿಯ ಬಗ್ಗೆ ಹೇಳುವುದು ತಪ್ಪು.

ಹುಡುಗಿಯನ್ನು ಬಿಡಲು ಮನೆಯವರು ಕೊಡುವ ಕಾರಣಗಳನ್ನು ಬರೀ ಮೂಢನಂಬಿಕೆ ಎಂದರೆ ಅರ್ಧ ಮಾತ್ರ ಹೇಳಿದಂತೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳು ಮದುವೆಯಾಗಿ ಹೋದರೆ ಮುಪ್ಪಿನಲ್ಲಿ ನೋಡಿಕೊಳ್ಳುವವರಾರು ಎಂಬ ಭಯವಿತ್ತು. ಬಳ್ಳಾರಿ ಕಡೆ ಬಸವಿ ಎಂದು ದೇವರಿಗೆ ಬಿಟ್ಟ ಮಗಳು ತವರಿನಲ್ಲೇ ಉಳಿದು, ಮಗನ ಹಾಗೆ ತಂದೆಯ ಆಸ್ತಿಗೂ ಕರ್ಮಕ್ಕೂ ಹಕ್ಕುದಾರಳಾಗುತ್ತಿದ್ದಳು. ಹೆಣ್ಣಿಗೆ ಆಸ್ತಿ ಬರಬೇಕಾದರೆ ಅವಳು ಯಾರ ಹೆಂಡತಿಯೂ ಆಗಬಾರದು ಎಂಬ ಲೆಕ್ಕಾಚಾರ ಇದರ ಒಳಗಿದೆ. ಎರಡನೆಯ ಕಾರಣ ಜಡೆ. ತಲೆ ಬಾಚದೆ ಎಣ್ಣೆ, ಧೂಳು, ಭಂಡಾರ ಸೇರಿ ಕೂದಲು ಗಂಟುಕಟ್ಟುತ್ತದೆ. ಅದನ್ನು ಎಲ್ಲಮ್ಮನ ಕರೆ ಎಂದು ನಂಬಿದವರು ಕತ್ತರಿಸಲು ಹೆದರುತ್ತಾರೆ. ಕತ್ತರಿಸದಿದ್ದರೆ ಜಡೆ ಉದ್ದವಾಗುತ್ತದೆ, ನಂಬಿಕೆ ಗಟ್ಟಿಯಾಗುತ್ತದೆ. ಆದ್ದರಿಂದ ಹಳ್ಳಿಗಳಲ್ಲಿ ಕೆಲಸ ಮಾಡುವ ಕಾರ್ಯಕರ್ತೆಯರು ವಾದಕ್ಕಿಳಿಯುವ ಮೊದಲು ತಲೆಗೆ ನೀರು ಹಾಕುತ್ತಾರೆ. ಜಡೆ ಎಳೆಯದಿದ್ದರೆ ಎಣ್ಣೆ ನೆನೆಸಿ ತುದಿಯಿಂದ ಬಿಡಿಸುತ್ತ ಬರುತ್ತಾರೆ, ಬಲಿತದ್ದಾದರೆ ಮನೆಯವರ ಎದುರಿಗೇ ಕತ್ತರಿಸುತ್ತಾರೆ. ಯಾರಿಗೂ ಏನೂ ಆಗಲಿಲ್ಲ ಎಂಬುದನ್ನು ಅವರು ಕಣ್ಣಾರೆ ನೋಡಬೇಕು.

ಇದಕ್ಕೆಲ್ಲ ಬೆನ್ನಿಗಿರುವ ಪುರಾಣವನ್ನು ಗಮನಿಸಬೇಕು. ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆ, ಜಮದಗ್ನಿ ಋಷಿಯ ಹೆಂಡತಿ, ದಿನವೂ ಮರಳಿನಿಂದ ಕೊಡ ಮಾಡಿ, ಹಾವಿನ ಸಿಂಬಿ ಇಟ್ಟು ನೀರು ತರುತ್ತಿದ್ದವಳು. ಗಂಧರ್ವರ ಜಲಕ್ರೀಡೆಯನ್ನು ಒಂದು ಗಳಿಗೆ ನೋಡಿದ್ದಕ್ಕೆ ಕೊಡ ನಿಲ್ಲಲಿಲ್ಲ, ಜಮದಗ್ನಿಯ ಮಾತಿನಂತೆ ಮಗ ಪರಶುರಾಮ ಅವಳ ತಲೆ ಕಡಿದ. ಕಣ್ಣಿನ ಒಂದು ನೋಟಕ್ಕೆ ಹೆಂಡತಿಯ ತಲೆ ತೆಗೆಯುವ ಶೀಲದ ಕತೆಯೂ, ಹುಡುಗಿಯನ್ನು ಮದುವೆಯಿಲ್ಲದೆ ಪರಪುರುಷನಿಗೆ ಒಪ್ಪಿಸುವ ಪದ್ಧತಿಯೂ ಸವದತ್ತಿಯ ಒಂದೇ ಗುಡ್ಡದ ಮೇಲೆ ಕೂಡಿವೆ. ಹೊರನೋಟಕ್ಕೆ ಇವು ಒಂದಕ್ಕೊಂದು ಎದುರು. ಎರಡರಲ್ಲೂ ಶೀಲದ ಹೊಣೆ ಬಿದ್ದಿರುವುದು ಮಾತ್ರ ಹೆಣ್ಣಿನ ಮೇಲೆಯೇ. ಜಮದಗ್ನಿ ತೀರಿದನೆಂದು ರಂಡೆ ಹುಣ್ಣಿಮೆಗೆ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ, ಮುತ್ತೈದೆ ಹುಣ್ಣಿಮೆಗೆ ಮತ್ತೆ ತೊಡುತ್ತಾರೆ. ವರ್ಷಕ್ಕೊಮ್ಮೆ ವಿಧವೆಯ ದುಃಖವನ್ನೂ ಹೊರುವ ಈ ಹೆಂಗಸರಿಗೆ ಹೆಂಡತಿಯ ಒಂದು ಹಕ್ಕೂ ಇಲ್ಲ.

ಕಾನೂನಿನ ದಾರಿ ಉದ್ದದ್ದು, ಡೊಂಕಿನದು. ಬ್ರಿಟಿಷ್ ಕಾಲದ ದಂಡ ಸಂಹಿತೆಯ 372 ಮತ್ತು 373ನೇ ಕಲಂಗಳು ವೇಶ್ಯಾವೃತ್ತಿಗಾಗಿ ಬಾಲಕಿಯರನ್ನು ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧ ಮಾಡಿದ್ದವು. ಆಗ ವಯಸ್ಸಿನ ಮಿತಿ 16, 1924ರಲ್ಲಿ 18 ಆಯಿತು. ಆದರೆ ದೇವರಿಗೆ ಬಿಟ್ಟದ್ದು ವೇಶ್ಯಾವೃತ್ತಿಯ ಉದ್ದೇಶದಿಂದಲೇ ಎಂದು ಸಾಬೀತು ಮಾಡಬೇಕಿತ್ತು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳ ಸೇವೆಯಿಂದ ದೇವದಾಸಿಯರನ್ನು ತೆಗೆಯಿತು. ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಹೋರಾಟದಿಂದ 1929ರಲ್ಲಿ ಆದ ತಿದ್ದುಪಡಿ ಇನಾಮು ಭೂಮಿಯನ್ನು ಸೇವೆಯ ಕಟ್ಟಿನಿಂದ ಬಿಡಿಸಿತು. ಮುಂಬಯಿ ಪ್ರಾಂತ್ಯದ ಕಾಯ್ದೆ 1934ರದು, ಮದ್ರಾಸಿನದು 1947ರದು. ಬೆಳಗಾವಿ, ಧಾರವಾಡ, ವಿಜಯಪುರ ಮುಂಬಯಿಗೆ ಸೇರಿದ್ದವು, ಬಳ್ಳಾರಿ ಮದ್ರಾಸಿಗೆ. 1909 ಮತ್ತು 1929ರ ಕ್ರಮಗಳು ನೋಡಿದ್ದು ದೇವಸ್ಥಾನದ ಒಳಗಿನ ಹೆಣ್ಣುಮಕ್ಕಳನ್ನು. ಸೇವೆಯೂ ಭೂಮಿಯೂ ಇಲ್ಲದ ಜೋಗತಿಗೆ ಅವುಗಳಿಂದ ಏನೂ ಬರಲಿಲ್ಲ.

ಕರ್ನಾಟಕದ ಕಾಯ್ದೆ 1982ರದು, ರಾಷ್ಟ್ರಪತಿ ಅಂಕಿತ ದೊರೆತದ್ದು 1984ರಲ್ಲಿ. ಎರಡು ವರ್ಷದ ಬಳಿಕ, 1986ರಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬ ಜಾತ್ರೆಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು, ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. 1982ರ ಕಾಯ್ದೆಯ ಪ್ರಕಾರ ಮುತ್ತು ಕಟ್ಟುವ ವಿಧಿ ನಡೆಸಿದವರಿಗೂ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಹಾಗೆ ಮಾಡಿದವರು ತಂದೆ ತಾಯಿ, ಪೋಷಕರು ಅಥವಾ ಬಂಧುಗಳಾದರೆ 2ರಿಂದ 5 ವರ್ಷ ಸೆರೆ, 2,000ದಿಂದ 5,000 ರೂಪಾಯಿ ದಂಡ. ಬಿಟ್ಟ ಹೆಣ್ಣು ಮದುವೆಯಾದರೆ ಅದು ಸಿಂಧು, ಆ ಮದುವೆಯ ಮಕ್ಕಳು ಔರಸರು.

ಈ ಕಾಯ್ದೆ ಎಡವಿದ್ದು ಅದರ ರಚನೆಯಲ್ಲಿಯೇ. ಶಿಕ್ಷೆ ವಿಧಿಗೆ ಕಟ್ಟುಬಿದ್ದಿದೆ, ಸಂಬಂಧಕ್ಕಲ್ಲ. ಆದ್ದರಿಂದ ಇಟ್ಟುಕೊಂಡವನಿಗೆ ಅಲ್ಲಿ ಹೆಸರಿಲ್ಲ. ಪೂಜಾರಿಗಿಂತ ತಾಯಿಗೆ ಹೆಚ್ಚು ಶಿಕ್ಷೆ. ದೂರು ಕೊಡಬೇಕಾದ ಹುಡುಗಿಗೆ ಸಾಕ್ಷಿಯೆಂದರೆ ಅದೇ ತಾಯಿ. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟುವುದು ಗುಡ್ಡದಿಂದ ಮನೆಗೆ, ಹಗಲಿನಿಂದ ರಾತ್ರಿಗೆ ಸರಿಯಿತು. ಸರವಿದ್ದಲ್ಲಿ ಬರೀ ಒಂದು ಮಣಿ ಸಾಕಾಯಿತು, ಬಟ್ಟೆಯ ಒಳಗೆ ಅದು ಯಾರಿಗೂ ಕಾಣುವುದಿಲ್ಲ. 2014ರ ಫೆಬ್ರುವರಿಯಲ್ಲೂ ದಾವಣಗೆರೆ ಜಿಲ್ಲೆಯ ದೇವಸ್ಥಾನವೊಂದರಲ್ಲಿ ಹುಡುಗಿಯರನ್ನು ಬಿಡದಂತೆ ತಡೆಯಿರಿ ಎಂದು ಸುಪ್ರೀಂ ಕೋರ್ಟ್ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಸೂಚಿಸಬೇಕಾಯಿತು.

ಸರ್ಕಾರದ ಎರಡು ಸಮೀಕ್ಷೆಗಳು 1993-94ರಲ್ಲಿ 22,873, 2007-08ರಲ್ಲಿ 23,787, ಒಟ್ಟು 46,660 ಮಹಿಳೆಯರನ್ನು ದಾಖಲಿಸಿದವು. ಮಾಸಾಶನ, ಮನೆ, ಸಾಲ ಎಲ್ಲವೂ ಈ ಪಟ್ಟಿಗೆ ಅಂಟಿಕೊಂಡಿವೆ. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವಳು ಹೆಸರು ಬರೆಸಿದರೆ ತಾಯಿಯ ಅಪರಾಧವನ್ನು ಒಪ್ಪಿಕೊಂಡಂತೆ. ಅವಳು ಬಾಯಿ ಬಿಡದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಸವದತ್ತಿ, ಚಿಕ್ಕೋಡಿ ಸೀಮೆಯಲ್ಲಿ ಪದ್ಧತಿ ಸಡಿಲವಾದದ್ದು ಪೊಲೀಸರಿಗಿಂತ ಹೆಚ್ಚಾಗಿ ಮಾಜಿ ದೇವದಾಸಿಯರ ಸಂಘಟನೆಗಳಿಂದ. ಇಂಥ ಸಂಘಟನೆಯ ನಾಯಕಿ, 2018ರಲ್ಲಿ ಪದ್ಮಶ್ರೀ ಪಡೆದ ಸೀತವ್ವ ಜೋಡಟ್ಟಿ ಅವರು ಸ್ವತಃ ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡವರು. ಎಲ್ಲಿ ಹುಣ್ಣಿಮೆಗೆ ಮುಂಚೆ ಶಾಲೆ ಬಿಡಿಸಿದ್ದಾರೆ, ಯಾರಿಗೆ ಹೊಸ ಸೀರೆ ತಂದಿದ್ದಾರೆ ಎಂಬುದು ಆ ಕೇರಿಯ ಹೆಂಗಸರಿಗೆ ಮೊದಲು ಗೊತ್ತಾಗುತ್ತದೆ. ವಿಧಿ ನಡೆಯುವ ಮುಂಚೆಯೇ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿದರೆ ತಡೆಯಬಹುದು, ಮುಗಿದ ಮೇಲೆ ಉಳಿಯುವುದು ಮೊಕದ್ದಮೆ ಮಾತ್ರ.

ಮಕ್ಕಳ ಪ್ರಶ್ನೆ ಇಷ್ಟು ವರ್ಷ ಬಗೆಹರಿಯದೇ ಉಳಿದದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಾಯಿಯ ಕಡೆಯ ಸಂಬಂಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ಶಾಲೆಯ ಅರ್ಜಿಯ ತಂದೆಯ ಹೆಸರಿನ ಕಾಲಂ ಅವರನ್ನು ವರ್ಷವರ್ಷವೂ ಕೆಣಕುತ್ತಿತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಈ ಮಕ್ಕಳಿಗೆ ತಂದೆ ಯಾರೆಂದು ಗುರುತಿಸಿಕೊಡಿ ಎಂದು ಕೇಳುವ ಹಕ್ಕನ್ನು ಕೊಟ್ಟಿದೆ, ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂದಿದೆ. ವಿಧಿಯಲ್ಲೂ ಹಳೆಯ ಕಾಯ್ದೆಯಲ್ಲೂ ಕಾಣದ ಗಂಡಸು ಕಾನೂನಿನ ಕಣ್ಣಿಗೆ ಬಿದ್ದದ್ದು ಈಗ. ಆದರೆ ಅರ್ಜಿ ಹಾಕುವವರ ತಾಯಿ ಬಹಳ ಕಡೆ ಇಂದಿಗೂ ಅದೇ ಊರಿನಲ್ಲಿದ್ದಾಳೆ. ಅವಳು ಹೆಸರು ಹೇಳಬೇಕಾದ ಮನೆಯ ಹೊಲದಲ್ಲೇ ನಾಳೆ ಅವಳಿಗೆ ಕೂಲಿ.