ಸ್ಪೂಲ್ ಟೇಪಿನ ದನಿಯೂ ಮಲೆನಾಡಿನ ತೇವವೂ

ಮೂಡಿಗೆರೆ, ಸಕಲೇಶಪುರದ ಕಡೆಯ ಹಳೆಯ ತೋಟದ ಮನೆಗಳಲ್ಲಿ ಅಟ್ಟ ಹುಡುಕಿದರೆ ಈಗಲೂ ಒಂದೆರಡು ಸ್ಪೂಲ್ ಟೇಪು ಸಿಗಬಹುದು. ಮದುವೆಮನೆಯ ಸೋಬಾನೆ, ಅಜ್ಜ ರಾಗವಾಗಿ ಓದಿದ ಕುಮಾರವ್ಯಾಸ ಭಾರತ, ಮಗುವಿನ ತೊದಲು, ಎಲ್ಲವೂ ಕಾಲು ಅಂಗುಲ ಅಗಲದ ಕಂದು ಪಟ್ಟಿಯ ಮೇಲೆ. ಹಳೆಯದಾದಷ್ಟೂ ಕೆಟ್ಟಿರುತ್ತದೆ ಎಂದು ನಾವು ಎಣಿಸುತ್ತೇವೆ. ಟೇಪಿನ ಮಟ್ಟಿಗೆ ಈ ಲೆಕ್ಕ ತಪ್ಪು. 1965ರ ಟೇಪು ಸಲೀಸಾಗಿ ಓಡುವಾಗ 1978ರದು ಯಂತ್ರಕ್ಕೆ ಅಂಟಿಕೊಂಡು ಕಿರುಚಬಹುದು.

ಕಾರಣ ಅಂಟಿನಲ್ಲಿದೆ. 1928ರಲ್ಲಿ ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಮೆತ್ತಿ ಧ್ವನಿ ಹಿಡಿದರು. ಮುಂದೆ ಕಾಗದದ ಜಾಗಕ್ಕೆ ಪ್ಲಾಸ್ಟಿಕ್, ಪುಡಿಯ ಜಾಗಕ್ಕೆ ಐರನ್ ಆಕ್ಸೈಡ್ ಬಂದವು. ಆಕ್ಸೈಡ್ ಧ್ವನಿಯನ್ನು ಹಿಡಿದಿಟ್ಟ ತನ್ನ ಕಾಂತತೆಯನ್ನು ದಶಕಗಳ ಕಾಲ ಉಳಿಸಿಕೊಳ್ಳುತ್ತದೆ. ಅದನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಟ್ಟ ಅಂಟು ಮಾತ್ರ ಅಷ್ಟು ಗಟ್ಟಿಯಲ್ಲ. 1970ರ ದಶಕದ ಮಧ್ಯದಿಂದ ಕೆಲವು ಕಂಪನಿಗಳು ಬಳಸಿದ ಪಾಲಿಯುರೆಥೇನ್ ಅಂಟು ಗಾಳಿಯ ನೀರನ್ನು ಹೀರಿ, ಅದರ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತವೆ. ಆಗ ಟೇಪು ಹಲಸಿನ ಮೇಣದಂತೆ ಜಿಗುಟಾಗಿ, ಯಂತ್ರದಲ್ಲಿ ಧ್ವನಿಯನ್ನು ಓದುವ ಹೆಡ್‌ಗೆ ಕಂದು ಗಸಿ ಬಳಿಯುತ್ತಾ ಓಡುತ್ತದೆ. ಆ ಗಸಿಯೇ ನಿಮ್ಮ ಧ್ವನಿಮುದ್ರಣ. ತಕ್ಷಣ ನಿಲ್ಲಿಸಿ.

ಮುಂಗಾರಿನಲ್ಲಿ ಗಾಳಿಯ ತೇವಾಂಶ ಶೇ 90 ದಾಟುವ ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಕಾಫಿ ಕುಯ್ಲು ಮುಗಿದು ಹೂಮಳೆ ಬರುವ ಮುನ್ನದ ಒಣ ದಿನಗಳಲ್ಲೇ ಈ ಕೆಲಸಕ್ಕೆ ಕೈಹಾಕಿ ಎಂದು ಎಲ್ಲರಿಗೂ ಹೇಳುತ್ತೇನೆ. ಬೂಷ್ಟು ಹಿಡಿದ ಸುರುಳಿಯನ್ನು ಮನೆಯೊಳಗೆ ಬಿಚ್ಚಬೇಡಿ, ಓಡಿಸಲೂ ಬೇಡಿ.

ಜಿಗುಟಾದ ಟೇಪಿಗೆ ಮದ್ದು ಹದವಾದ ಬಿಸಿ. 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟರೆ ಕೆಲವು ವಾರಗಳ ಮಟ್ಟಿಗೆ ಅದು ಓಡುವ ಸ್ಥಿತಿಗೆ ಬರುತ್ತದೆ. ಅಡುಗೆಮನೆಯ ಓವನ್‌ನಲ್ಲಿ ಶಾಖ ಏರಿಳಿಯುತ್ತದೆ. ಪ್ರಯೋಗಾಲಯದ ಇನ್‌ಕ್ಯುಬೇಟರ್ ಇರುವವರಿಂದ ಮಾಡಿಸುವುದು ಒಳ್ಳೆಯದು. ಅದಕ್ಕೂ ಮೊದಲು ಸುರುಳಿಯನ್ನು ದೀಪಕ್ಕೆ ಅಡ್ಡ ಹಿಡಿಯಲೇಬೇಕು. ಬೆಳಕು ಹಾದು ಬಂದರೆ ಅದು 1950–60ರ ದಶಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಟೇಪು. ಅದಕ್ಕೆ ಬಿಸಿ ತಾಗಿಸಿದರೆ ಕೆಡುತ್ತದೆ. ಅಸಿಟೇಟ್ ಕೊಳೆಯತೊಡಗಿದರೆ ವಿನೆಗರ್ ವಾಸನೆ ಬರುತ್ತದೆ. ಅಂಥ ಸುರುಳಿಯನ್ನು ಉಳಿದವುಗಳಿಂದ ಬೇರೆ ಇಟ್ಟು, ಅದರ ಕೆಲಸವನ್ನೇ ಮೊದಲು ಮುಗಿಸಿ.

ಇನ್ನು ಯಂತ್ರ. ಮನೆಯ ಧ್ವನಿಮುದ್ರಣಗಳಲ್ಲಿ ಸೆಕೆಂಡಿಗೆ 9.5 ಸೆಂಟಿಮೀಟರ್ ವೇಗ ಸಾಮಾನ್ಯ. ಆ ವೇಗದಲ್ಲಿ 10,000 ಹರ್ಟ್ಸ್‌ನ ಕೀರಲು ಸ್ವರದ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ! ಧೂಳು ಟೇಪನ್ನು ಹೆಡ್‌ನಿಂದ ಅಷ್ಟೇ ದೂರ ಎತ್ತಿದರೂ ಆ ಸ್ವರ ಸುಮಾರು 55 ಡೆಸಿಬಲ್ ಕುಸಿಯುತ್ತದೆ, ಎಂದರೆ ಇಲ್ಲವಾಗುತ್ತದೆ. ಆದ್ದರಿಂದ ಪ್ರತಿ ಸುರುಳಿಗೂ ಮುನ್ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಹೆಡ್ಡಿನ ಓರೆಯೂ ಇಷ್ಟೇ ಮುಖ್ಯ. ಅಂದು ಧ್ವನಿ ಮುದ್ರಿಸಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೆ ನಿಮ್ಮದನ್ನೂ ಅಷ್ಟೇ ವಾಲಿಸಬೇಕು. ಸೋಬಾನೆಯ ಸಕಾರ, ಬಳೆಯ ಸದ್ದು ಸ್ಪಷ್ಟವಾಗುವವರೆಗೆ ಹೆಡ್ಡಿನ ಪಕ್ಕದ ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಕಿವಿಗೊಡಿ. ಇಲ್ಲಿ ತಪ್ಪಿಸಿಕೊಂಡ ಸ್ವರವನ್ನು ಯಾವ ಸಾಫ್ಟ್‌ವೇರ್ ಕೂಡ ಮರಳಿ ತರಲಾರದು.

ಕಂಪ್ಯೂಟರಿನ ಕೆಲಸ ಸುಲಭ. 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ ಕಡತವಾಗಿ ಉಳಿಸಿದರೆ ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 2 ಜಿಬಿ ಬೇಕು. ಗೊರಗೊರ ಸದ್ದು ತೆಗೆಯುವ ಆಸೆಯಿದ್ದರೆ ಅದನ್ನು ಕಡತದ ನಕಲಿನ ಮೇಲೆ ಮಾಡಿ, ಮೂಲ ಕಡತವನ್ನು ಮುಟ್ಟಬೇಡಿ. ಕಡತದ ಹೆಸರಲ್ಲಿ ಊರು, ವರ್ಷ, ಹಾಡಿದವರ ಹೆಸರು ಇರಲಿ. ಸೋಬಾನೆಯ ಗುಂಪಿನಲ್ಲಿ ಯಾವ ದನಿ ಯಾರದ್ದೆಂದು ಮನೆಯ ಹಿರಿಯರಷ್ಟೇ ಗುರುತಿಸಬಲ್ಲರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ, ಹೇಳಿದ್ದನ್ನು ಅಂದೇ ಬರೆದಿಡಿ.