ವಾಸ್ಪ್ಸ್ ರಗ್ಬಿ ಕ್ಲಬ್‌ನ ಮನೆ ಸಾಲ

ಪ್ರಶ್ನೆ: ಇಂಗ್ಲೆಂಡ್‌ನ ವಾಸ್ಪ್ಸ್ ರಗ್ಬಿ ಕ್ಲಬ್ ಎರಡು ಸಲ ಯುರೋಪ್ ಕಪ್ ಗೆದ್ದಿತ್ತು. ಅಂಥ ಕ್ಲಬ್ 2022ರಲ್ಲಿ ದಿವಾಳಿ ಆಗಿದ್ದು ಹೇಗೆ?

ಉತ್ತರ: ಸ್ವಂತ ಮನೆ, ಅಂದರೆ ಸ್ವಂತ ಕ್ರೀಡಾಂಗಣ, ಮಾಡಿಕೊಳ್ಳಲು ಹೋಗಿ ಸಾಲಕ್ಕೆ ಸಿಕ್ಕಿಕೊಂಡಿತು. ಆದರೆ ಇಷ್ಟೇ ಹೇಳಿದರೆ ಆ ಕ್ಲಬ್‌ಗೆ ಅನ್ಯಾಯ ಆಗುತ್ತದೆ.

ವಾಸ್ಪ್ಸ್ ಹುಟ್ಟಿದ್ದು 1867ರಲ್ಲಿ, ಉತ್ತರ ಲಂಡನ್‌ನ ಒಂದು ಪಬ್‌ನಲ್ಲಿ. ಹ್ಯಾಂಪ್‌ಸ್ಟೆಡ್ ಅನ್ನೋ ಕ್ಲಬ್ ಒಡೆದು ಎರಡಾಯಿತು. ಒಂದು ಮುಂದೆ ಹಾರ್ಲೆಕ್ವಿನ್ಸ್ ಆಯಿತು, ಇನ್ನೊಂದು ವಾಸ್ಪ್ಸ್. ವಾಸ್ಪ್ ಅಂದರೆ ನಮ್ಮ ಕಡಜ. ಕ್ಲಬ್‌ಗೆ ಹುಳ, ಹಕ್ಕಿ, ಪ್ರಾಣಿಗಳ ಹೆಸರಿಡುವುದು ಆಗಿನ ರೂಢಿ. 1871ರ ಜನವರಿ 26ರಂದು 21 ಕ್ಲಬ್‌ಗಳು ಸೇರಿ ಇಂಗ್ಲೆಂಡ್ ರಗ್ಬಿಯ ಆಡಳಿತ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಯೂನಿಯನ್ ಕಟ್ಟಿದವು. ವಾಸ್ಪ್ಸ್‌ಗೂ ಕರೆ ಇತ್ತು. ಆದರೆ ಹೋದವರು ದಾರಿ ತಪ್ಪಿ ಬೇರೆ ಪಬ್‌ಗೆ ಹೋಗಿಬಿಟ್ಟರಂತೆ. ಹಾಗಾಗಿ ಸ್ಥಾಪಕರ ಪಟ್ಟಿಯಲ್ಲಿ ಇವರ ಹೆಸರಿಲ್ಲ.

ಆಟದ ವಿಷಯಕ್ಕೆ ಬಂದರೆ ಕೊರತೆಯೇ ಇರಲಿಲ್ಲ. ಆರು ಸಲ ಇಂಗ್ಲೆಂಡ್ ಚಾಂಪಿಯನ್. 2004ರ ಯುರೋಪ್ ಕಪ್ ಫೈನಲ್ ನನಗೆ ಎಷ್ಟು ಸಲ ನೋಡಿದರೂ ಸಾಕಾಗಲ್ಲ. ಟ್ವಿಕನ್‌ಹ್ಯಾಮ್ ಮೈದಾನ, ಎದುರಿಗೆ ಫ್ರಾನ್ಸ್‌ನ ತುಲೂಸ್. 20-20 ಸಮ, ಆಟ ಮುಗಿಯುತ್ತಾ ಬಂದಿದೆ. ವಾಸ್ಪ್ಸ್‌ನ ರಾಬ್ ಹೌಲಿ ಎಡಗಡೆ ಅಂಚಿನ ಗೆರೆಗುಂಟ ಚೆಂಡನ್ನು ಮುಂದಕ್ಕೆ ಒದ್ದರು. ತುಲೂಸ್‌ನ ಕ್ಲೆಮಾಂ ಪ್ವಾತ್ರೆನೋ ಅದನ್ನು ಆರಾಮಾಗಿ ಹಿಡಿಯಬಹುದಿತ್ತು. ಉರುಳಿಕೊಂಡು ಗೆರೆ ದಾಟಲಿ ಅಂತ ಕಾದರು. ಮೊಟ್ಟೆಯಾಕಾರದ ಚೆಂಡು ಹೇಗೆ ಪುಟಿಯುತ್ತೆ ಅಂತ ಯಾರಿಗೆ ಗೊತ್ತು? ಹಿಂದಿನಿಂದ ಓಡಿಬಂದ ಹೌಲಿ ಕೈ ಚಾಚಿ ಅದನ್ನು ನೆಲಕ್ಕೆ ಒತ್ತಿಬಿಟ್ಟರು. ಎದುರಾಳಿಯ ಗೆರೆಯಾಚೆ ಚೆಂಡನ್ನು ಹೀಗೆ ನೆಲಕ್ಕೆ ಒತ್ತಿದರೆ ಅಂಕ ಸಿಗುತ್ತದೆ, ಅದೇ ಟ್ರೈ! ಕೊನೆಗೆ 27-20. 2007ರಲ್ಲಿ ಲೆಸ್ಟರ್ ತಂಡವನ್ನು ಸೋಲಿಸಿ ಅದೇ ಕಪ್ ಮತ್ತೆ ಗೆದ್ದರು.

ಈ ಎರಡು ಯುರೋಪ್ ಕಪ್ ಗೆಲ್ಲುವಾಗಲೂ ಅವರಿದ್ದದ್ದು ಬಾಡಿಗೆ ಮನೆಯಲ್ಲಿ. ಅದಕ್ಕೂ ಮೊದಲು, 1923ರಿಂದ, ಲಂಡನ್‌ನ ಸಡ್ಬರಿ ಅವರ ಊರಾಗಿತ್ತು. 1995ರಲ್ಲಿ ರಗ್ಬಿ ಯೂನಿಯನ್‌ನಲ್ಲಿ (ವಾಸ್ಪ್ಸ್ ಆಡುತ್ತಿದ್ದ ಬಗೆಯ ರಗ್ಬಿಯ ಹೆಸರು ಇದು) ಆಟಗಾರರಿಗೆ ಸಂಬಳ ಕೊಡಲು ಒಪ್ಪಿಗೆ ಸಿಕ್ಕಿತು. ಸಂಬಳ ಕೊಡಬೇಕಂದ್ರೆ ಜಾಸ್ತಿ ಜನ ಬರಬೇಕು, ದೊಡ್ಡ ಮೈದಾನ ಬೇಕು. ಹೀಗೆ ಮೊದಲು ಕ್ವೀನ್ಸ್ ಪಾರ್ಕ್ ರೇಂಜರ್ಸ್ ಫುಟ್‌ಬಾಲ್ ತಂಡದ ಲಾಫ್ಟಸ್ ರೋಡ್, ಆಮೇಲೆ 2002ರಲ್ಲಿ ಹೈ ವಿಕಮ್‌ನ ಆಡಮ್ಸ್ ಪಾರ್ಕ್. ಅಲ್ಲಿ ಹಿಡಿಯುವುದು ಸುಮಾರು ಹತ್ತು ಸಾವಿರ ಜನ. ಗೆದ್ದರೂ ದುಡ್ಡು ಉಳಿಯುತ್ತಿರಲಿಲ್ಲ.

2014ರಲ್ಲಿ ಕವೆಂಟ್ರಿಯ ದೊಡ್ಡ ಕ್ರೀಡಾಂಗಣ ನಡೆಸುವ ಕಂಪನಿಯನ್ನೇ ಕೊಂಡು ಅಲ್ಲಿಗೆ ಹೋದರು. ಲಂಡನ್‌ನಿಂದ ಸುಮಾರು 150 ಕಿಲೋಮೀಟರ್. ಹಳೆಯ ಅಭಿಮಾನಿಗಳಿಗೆ ಹೇಗಾಗಿರಬೇಕು, ಅಲ್ವಾ? ಆದರೂ ಡಿಸೆಂಬರ್‌ನ ಮೊದಲ ಪಂದ್ಯಕ್ಕೇ 28 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಮನೆ ಕಟ್ಟಿ ನೋಡು ಅಂತಾರಲ್ಲ, ಕಷ್ಟ ಇಲ್ಲಿಂದ ಶುರು. 2015ರಲ್ಲಿ ಕ್ರೀಡಾಂಗಣವನ್ನು ಅಡವಿಟ್ಟು, ಜನರಿಗೆ ಬಾಂಡ್ ಮಾರಿ 3.5 ಕೋಟಿ ಪೌಂಡ್ ಎತ್ತಿದರು. ವರ್ಷಕ್ಕೆ ಶೇ. 6.5 ಬಡ್ಡಿ. ಅಂದರೆ ಅಸಲು ಹಾಗೇ ಇದ್ದು, ಬಡ್ಡಿಗೇ ಪ್ರತಿ ವರ್ಷ 22.75 ಲಕ್ಷ ಪೌಂಡ್. ಅಸಲು ತೀರಿಸುವ ಗಡುವು 2022ರ ಮೇ. ನಡುವೆ ಕೋವಿಡ್ ಬಂತು. ಪಂದ್ಯ ನಿಂತವು, ಕ್ರೀಡಾಂಗಣದ ಸಂಗೀತ ಕಾರ್ಯಕ್ರಮ, ಸಮಾವೇಶಗಳೂ ನಿಂತವು. ಅಂಥ ಆದಾಯವನ್ನೇ ನಂಬಿ ಈ ಸಾಲ ಮಾಡಿದ್ದು. ಗಡುವು ಬಂದಾಗ ಕೈ ಖಾಲಿ, ಮೇಲೆ ತೆರಿಗೆ ಬಾಕಿ ಬೇರೆ. ಅಕ್ಟೋಬರ್ 17ಕ್ಕೆ ಕ್ಲಬ್ ದಿವಾಳಿ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಟಗಾರರೂ ಸೇರಿ 167 ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಅದೇ ಋತುವಿನಲ್ಲಿ ವುಸ್ಟರ್ ವಾರಿಯರ್ಸ್ ಮತ್ತು ಲಂಡನ್ ಐರಿಷ್ ಕೂಡ ದುಡ್ಡಿಲ್ಲದೆ ಬಿದ್ದವು. ಸಂಬಳಕ್ಕೆ ತಕ್ಕ ಆದಾಯ ಹುಟ್ಟದ ಲೀಗ್ ಅದು. ತಪ್ಪನ್ನೆಲ್ಲ ವಾಸ್ಪ್ಸ್ ಒಂದರ ಮೇಲೇ ಹೊರಿಸಲು ನನಗೆ ಮನಸ್ಸಿಲ್ಲ.

ಇನ್ನೊಂದು ವಿಷಯ. 1999ರಲ್ಲಿ ಸಂಬಳದ ತಂಡ ಬೇರೆಯಾದಾಗ, ಖುಷಿಗೆ ಆಡುವವರು ಹಳೆಯ ಹೆಸರಲ್ಲೇ ಲಂಡನ್‌ನಲ್ಲಿ ಉಳಿದುಕೊಂಡರು. ಅವರಿಗೆ ಈ ಸಾಲ ತಟ್ಟಲಿಲ್ಲ. ಕವೆಂಟ್ರಿಯಲ್ಲಿ ಬಾಗಿಲು ಹಾಕಿದ ಮೇಲೂ ಪಶ್ಚಿಮ ಲಂಡನ್‌ನ ಆಕ್ಟನ್‌ನಲ್ಲಿ, ಟ್ವೈಫರ್ಡ್ ಅವೆನ್ಯೂ ಮೈದಾನದಲ್ಲಿ ಅವರ ವಾಸ್ಪ್ಸ್ ಎಫ್‌ಸಿ (ಫುಟ್‌ಬಾಲ್ ಕ್ಲಬ್) ರಗ್ಬಿ ಆಡುತ್ತಲೇ ಇತ್ತು.