ರಾಯಚೂರು ಬಿಸಿಲಿಗೆ ಡ್ಯಾಶ್‌ಕ್ಯಾಮ್ ತಡೆಯುತ್ತಾ?

ಪ್ರಶ್ನೆ: ನಮಸ್ಕಾರ ಸರ್ರೀ. ನಂದು ಸಿಂಧನೂರಾಗ ಗೊಬ್ಬರ, ಬೀಜದ ಅಂಗಡಿ ಅದ. ವಾರಕ್ಕ ಎರಡು ಮೂರು ಸಲ ರಾಯಚೂರು, ಬಳ್ಳಾರಿ ಓಡಾಟ ಇರ್ತದ. ತಮ್ಮ ಹೇಳ್ದ ಅಂತ ಆನ್‌ಲೈನಾಗ ಒಂದು ಡ್ಯಾಶ್‌ಕ್ಯಾಮ್ (ಓಡೋ ಕಾರಿಂದ ರಸ್ತಿ ವಿಡಿಯೊ ಹಿಡಿಯೋ ಕ್ಯಾಮೆರಾ) ತರಿಸಿ ಕಾರಿಗೆ ಹಚ್ಚಿದ್ದೆ. ಮೇ ತಿಂಗಳಾಗ ಹೊಟ್ಟಿ ಉಬ್ಬಿ ಬಂದ್ ಬಿತ್ತು. ನಮ್ಮ ಕಡಿ ಬಿಸಿಲಿಗೆ ಇವು ತಡಿಯೋದಿಲ್ಲೇನ್ರೀ? ಮತ್ತ ರೊಕ್ಕ ಹಾಕ್ಲೋ ಬ್ಯಾಡೋ?

ಉತ್ತರ: ಎಲ್ಲಕ್ಕಿಂತ ಮೊದಲು, ಉಬ್ಬಿದ ಆ ಕ್ಯಾಮೆರಾ ಇನ್ನೂ ಕಾರಿನಲ್ಲೇ ಇದ್ದರೆ ಇವತ್ತೇ ತೆಗೆದುಬಿಡಿ. ಇನ್ನೊಮ್ಮೆ ಚಾರ್ಜಿಗೆ ಹಾಕಿ ನೋಡೋಣ ಅನ್ನಬೇಡಿ. ಉಬ್ಬಿದ್ದನ್ನು ಒತ್ತಿ ಕೂರಿಸಲೂ ಹೋಗಬೇಡಿ. ಒಳಗಿರುವುದು ಲಿಥಿಯಂ ಬ್ಯಾಟರಿ. ಕಾವಿಗೆ ಅದರೊಳಗೆ ಗ್ಯಾಸ್ ತುಂಬಿಕೊಂಡಿದೆ, ಚುಚ್ಚಿದರೆ ಜಜ್ಜಿದರೆ ಬೆಂಕಿ ಹತ್ತಬಹುದು. ಕಸದ ಗಾಡಿಗೆ ಹಾಕದೆ, ಹಳೆ ಮೊಬೈಲ್ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯದವರಿಗೆ ಒಪ್ಪಿಸಿ.

ಇನ್ನು ಬಿಸಿಲಿನ ಮಾತು. ನಮ್ಮ ಬಿಸಿಲಿಗೆ ತಡೆಯುವ ಕ್ಯಾಮೆರಾಗಳಿವೆ. ನೀವು ತರಿಸಿದ್ದು ಆ ಜಾತಿಯದ್ದಲ್ಲ, ಅಷ್ಟೇ. ಮತ್ತೆ ರೊಕ್ಕ ಹಾಕಿ ಅಂತಲೇ ನಾನು ಹೇಳುತ್ತೇನೆ, ಆದರೆ ಈ ಸಲ ವಿಡಿಯೊ ಎಷ್ಟು ಚೆಂದ ಬರುತ್ತದೆ ಅನ್ನುವುದಕ್ಕಿಂತ ಮೊದಲು ಒಳಗೆ ಏನಿದೆ ಎಂದು ಕೇಳಿ ಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಸಿಂಧನೂರು, ಸಿರುಗುಪ್ಪ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಅದು ನೆರಳಿನ ಲೆಕ್ಕ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ತಾಸಿನಲ್ಲಿ ಗಾಳಿಯೇ 60ರ ಹತ್ತಿರ ಹೋಗುತ್ತದೆ. ಬಿಸಿಲು ನೇರ ಬೀಳುವ ಡ್ಯಾಶ್‌ಬೋರ್ಡ್ 70 ದಾಟುವುದುಂಟು. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದ ಮೇಲೆ ಚಾರ್ಜ್ ಮಾಡಬಾರದು. ಆದರೆ ನಾವು ಎಪಿಎಂಸಿಯಲ್ಲಿ ಕೆಲಸ ಮುಗಿಸಿ ಬಂದು, ಕಾದ ಕಾರಿನ ಕೀ ತಿರುವಿದ ಕೂಡಲೇ ಆ ಬ್ಯಾಟರಿಗೆ ಚಾರ್ಜ್ ಹರಿಯತೊಡಗುತ್ತದೆ. ಬೇಸಿಗೆ ಪೂರ್ತಿ ದಿನಾ ಇದೇ ನಡೆದರೆ ಅದು ಉಬ್ಬದೆ ಏನು ಮಾಡೀತು?

ಅದಕ್ಕೇ ನಮ್ಮ ಜಿಲ್ಲೆಗಳಿಗೆ ಸೂಪರ್ ಕ್ಯಾಪಾಸಿಟರ್ ಇರುವ ಕ್ಯಾಮೆರಾನೇ ಬೇಕು. ಕ್ಯಾಪಾಸಿಟರ್ ಅಂದರೆ ಕ್ಯಾಮೆರಾವನ್ನು ಓಡಿಸುವ ಬ್ಯಾಟರಿಯಲ್ಲ. ಕಾರಿನ ಕರೆಂಟು ನಿಂತಾಗ ಬರೆಯುತ್ತಿದ್ದ ಕೊನೆಯ ಫೈಲನ್ನು ಸರಿಯಾಗಿ ಮುಚ್ಚುವಷ್ಟು, ಅಂದರೆ ಕೆಲವೇ ಸೆಕೆಂಡಿನ ಶಕ್ತಿ ಮಾತ್ರ ಅದರಲ್ಲಿರುತ್ತದೆ. ಲಿಥಿಯಂನಷ್ಟು ಬೇಗ ಕಾವಿಗೆ ಕೆಡುವುದಿಲ್ಲ. ಪೆಟ್ಟಿಗೆಯ ಮೇಲೆ ಎಷ್ಟು ಉಷ್ಣತೆಯವರೆಗೆ ಕೆಲಸ ಮಾಡುತ್ತದೆ ಎಂದು ಬರೆದಿರುತ್ತಾರೆ. 65 ಅಥವಾ 70 ಡಿಗ್ರಿ ಇದ್ದರೆ ತೆಗೆದುಕೊಳ್ಳಿ. ಆ ಸಾಲೇ ಇಲ್ಲದಿದ್ದರೆ ಅಂಗಡಿಯವರಿಗೆ ವಾಪಸ್ ಕೊಡಿ.

ಅಂಗಡಿಯವರು ಬಾಯಿಮಾತಲ್ಲಿ ಹೇಳಿದ್ದನ್ನು ಅಲ್ಲೇ ಪರೀಕ್ಷಿಸಬಹುದು. ಕ್ಯಾಮೆರಾಕ್ಕೆ ವೈರ್ ಕೊಟ್ಟು ಆನ್ ಮಾಡಿಸಿ, ಒಂದೆರಡು ನಿಮಿಷ ಬಿಟ್ಟು ವೈರ್ ಎಳೆದುಬಿಡಿ. ಕೆಲವೇ ಸೆಕೆಂಡಿನಲ್ಲಿ ತಾನಾಗಿ ಆಫ್ ಆದರೆ ಒಳಗಿರುವುದು ಬಹುಶಃ ಕ್ಯಾಪಾಸಿಟರ್. ವೈರ್ ಇಲ್ಲದೆಯೂ ನಿಮಿಷಗಟ್ಟಲೆ ಪರದೆ ಬೆಳಗುತ್ತಾ ಕೂತರೆ ಬ್ಯಾಟರಿ. ಹಳೆ ಮೊಬೈಲನ್ನೇ ಕ್ಯಾಮೆರಾ ಮಾಡಿಕೊಳ್ಳುವ ಉಪಾಯ ಇಲ್ಲಿ ನಡೆಯುವುದಿಲ್ಲ. ಅದರಲ್ಲಿರುವುದೂ ಲಿಥಿಯಮ್ಮೇ.

ಕ್ಯಾಮೆರಾದಷ್ಟೇ ಗಮನ ಮೆಮೊರಿ ಕಾರ್ಡಿಗೂ ಕೊಡಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅಪಘಾತವಾದ ಮೇಲೆ ಕಾರ್ಡ್ ತೆಗೆದು ನೋಡಿದರೆ ತಿಂಗಳ ಹಿಂದೆಯೇ ರೆಕಾರ್ಡಿಂಗ್ ನಿಂತುಹೋಗಿತ್ತು ಎನ್ನುವ ಗೋಳು ಬಹಳ ಸಾಮಾನ್ಯ. ಡ್ಯಾಶ್‌ಕ್ಯಾಮ್ ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದು ಬರೆಯುತ್ತಾ ಹೋಗುತ್ತದೆ. ಫೋಟೊ ಇಡಲು ಮಾಡಿದ ಸಾದಾ ಕಾರ್ಡ್ ಈ ನಿರಂತರ ಬರೆಯುವಿಕೆಗೆ, ಅದರ ಮೇಲೆ ಕಾವಿಗೆ, ಬೇಗ ಸವೆಯುತ್ತದೆ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದ ಕಾರ್ಡನ್ನೇ ಬಿಲ್ ಸಮೇತ ಕೊಳ್ಳಿ. 64 ಜಿಬಿ ಕಾರ್ಡಿನಲ್ಲಿ ಮುಂದಿನ ಒಂದೇ ಕ್ಯಾಮೆರಾದ 1080ಪಿ ವಿಡಿಯೊ ಸುಮಾರು 8ರಿಂದ 10 ತಾಸು ಹಿಡಿಯುತ್ತದೆ. ಹಿಂದೆಯೂ ಕ್ಯಾಮೆರಾ ಇದ್ದರೆ ಅದರ ಅರ್ಧ. ಅಂದರೆ ಸಿಂಧನೂರಿನಿಂದ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಹೋಗುವಾಗಿನದು ಅಳಿಸಿಹೋಗಿರುತ್ತದೆ. ತಿಂಗಳಿಗೊಮ್ಮೆ ಕ್ಯಾಮೆರಾದ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡಿ, ಆಮೇಲೆ ಒಂದು ವಿಡಿಯೊ ಓಡಿಸಿ ಕಣ್ಣಾರೆ ನೋಡಿ.

ಕೂರಿಸುವ ಜಾಗ ಒಳಗನ್ನಡಿಯ ಹಿಂದೆ, ಗಾಜಿನ ಮೇಲ್ಭಾಗದಲ್ಲಿ. ವೈಪರ್ ಒರೆಸುವ ವ್ಯಾಪ್ತಿಯೊಳಗಿರಲಿ, ಚಾಲಕನ ನೋಟಕ್ಕೆ ಅಡ್ಡ ಬಾರದಿರಲಿ. ಗಾಜಿನ ಅಂಚಿನ ಕಪ್ಪು ಚುಕ್ಕಿಗಳ ಪಟ್ಟಿಗೆ ಹತ್ತಿದಂತಿದ್ದರೆ ಒಂದಿಷ್ಟು ನೆರಳೂ ಸಿಗುತ್ತದೆ. ರಬ್ಬರಿನ ಸಕ್ಷನ್ ಕಪ್ ನಮ್ಮ ಬಿಸಿಲಿಗೆ ಮೆತ್ತಗಾಗಿ ಕಳಚಿ ಬೀಳುತ್ತದೆ, ಎರಡು ಬದಿಯ ಅಂಟಿನ ಪಟ್ಟಿಯೇ ಒಳ್ಳೆಯದು. ಮುಂಜಾನೆ ಗಾಜು ತಣ್ಣಗಿದ್ದಾಗ ಸ್ಪಿರಿಟ್‌ನಿಂದ ಒರೆಸಿ ಒತ್ತಿ ಅಂಟಿಸಿ, ಅಂಟು ಹಿಡಿಯಲು ಒಂದು ದಿನ ಬಿಡಿ.

ಸನ್‌ಶೇಡ್ ಬಗ್ಗೆ ಬಹಳ ಜನ ಗಮನಿಸದ ಒಂದು ವಿಷಯವಿದೆ. ಬೆಳ್ಳಿ ಬಣ್ಣದ ಹಾಳೆಯನ್ನು ಒಳಗಿನಿಂದ ಗಾಜಿಗೆ ಆನಿಸಿಟ್ಟರೆ ಸ್ಟೇರಿಂಗ್, ಸೀಟು ತಂಪಾಗಿರುತ್ತವೆ ನಿಜ. ಆದರೆ ಕ್ಯಾಮೆರಾ ಗಾಜಿಗೂ ಹಾಳೆಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿನ ಬಿಸಿಲೂ ಅದಕ್ಕೇ, ಹಾಳೆ ತಿರುಗಿಸಿ ಕಳಿಸಿದ ಕಾವೂ ಅದಕ್ಕೇ. ಹಾಗಾಗಿ ಹೊದಿಕೆಯನ್ನು ಗಾಜಿನ ಹೊರಗಿನಿಂದ ಹಾಕಿ. ಇಲ್ಲವೇ ಅಯಸ್ಕಾಂತದ ಹಿಡಿಕೆಯಿರುವ ಮಾದರಿ ಕೊಂಡು, ಮಧ್ಯಾಹ್ನ ಕಾರು ಬಯಲಲ್ಲಿ ನಿಲ್ಲಬೇಕಾದಾಗ ಕ್ಯಾಮೆರಾ ಬಿಚ್ಚಿ ಚೀಲದಲ್ಲಿಟ್ಟುಕೊಂಡು ಹೋಗಿ. ಬೇವಿನ ಮರದ ನೆರಳು ಸಿಕ್ಕರಂತೂ ಅದಕ್ಕಿಂತ ಬೇರೆ ಬೇಡ.

ವೈರಿಂಗ್‌ಗೆ ಲೈಟರ್ ಸಾಕೆಟ್ ಸಾಕು. ಕೀ ತೆಗೆದ ಮೇಲೂ ಸಾಕೆಟ್‌ಗೆ ಕರೆಂಟು ಇರುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಇರುತ್ತದೆ, ಆಗ ರಾತ್ರಿಯಿಡೀ ಬ್ಯಾಟರಿ ಇಳಿಯುತ್ತದೆ. ವೈರನ್ನು ಗಾಜಿನ ಮೇಲಂಚಿನಲ್ಲಿ ಸೇರಿಸಿ ಪಕ್ಕದ ಕಂಬದೊಳಗಿಂದ ಇಳಿಸುವಾಗ ಮಾತ್ರ ಬಲು ಎಚ್ಚರ ಬೇಕು. ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಪರದೆಯಂತೆ ಬಿಚ್ಚಿಕೊಳ್ಳುವುದು) ಇರುವ ಕಾರುಗಳಲ್ಲಿ ಆ ಕಂಬದ ಮುಚ್ಚಳದ ಹಿಂದೆಯೇ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತಾರೆ. ವೈರ್ ಅದರ ಹಿಂದೆ ಹಾಯಬೇಕು, ಮುಂದೆ ಹಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಡ್ಡಿ. ಇದು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಫ್ಯೂಸ್ ಬಾಕ್ಸಿನಿಂದ ಕರೆಂಟು ತೆಗೆಯುವುದಾದರೆ ಕಂಪನಿಯ ವೈರ್ ಕತ್ತರಿಸಿ ಟೇಪು ಸುತ್ತಲು ಬಿಡಬೇಡಿ. ಶಾರ್ಟ್ ಆಗುವ ಭಯ ಒಂದು ಕಡೆ, ವಾರಂಟಿ ತಕರಾರು ಇನ್ನೊಂದು ಕಡೆ. ಫ್ಯೂಸ್ ಟ್ಯಾಪ್ ಎಂಬ ಸಣ್ಣ ಸಾಮಾನು ಸಿಗುತ್ತದೆ, ಅದನ್ನು ಬಳಸಿದರೆ ಯಾವ ವೈರನ್ನೂ ಕತ್ತರಿಸಬೇಕಿಲ್ಲ. ಏರ್‌ಬ್ಯಾಗ್, ಎಬಿಎಸ್ (ಬ್ರೇಕಿನ ವ್ಯವಸ್ಥೆ) ಫ್ಯೂಸುಗಳನ್ನು ಮುಟ್ಟಲೇಬಾರದು.

ನಿಂತ ಕಾರನ್ನು ಕಾಯುವ ಪಾರ್ಕಿಂಗ್ ಮೋಡ್ ನಮ್ಮ ಬೇಸಿಗೆಯ ಹಗಲಿಗೆ ಹೇಳಿ ಮಾಡಿಸಿದ್ದಲ್ಲ. ಮೊದಲೇ ಕಾದ ಕ್ಯಾಮೆರಾ ತನ್ನ ಕಾವನ್ನೂ ಸೇರಿಸಿಕೊಳ್ಳುತ್ತದೆ. ಮಾರ್ಚ್‌ನಿಂದ ಮಳೆ ಬರುವತನಕ ಅದನ್ನು ಆಫ್ ಮಾಡಿಡಿ. ಬೇರೆ ತಿಂಗಳಲ್ಲಿ ಬಳಸುವುದಾದರೆ, ಕಾರಿನ ಬ್ಯಾಟರಿ 12.2 ವೋಲ್ಟಿಗೆ ಇಳಿದಾಗ ಕ್ಯಾಮೆರಾ ತಾನೇ ನಿಲ್ಲುವಂತೆ ಹೊಂದಿಸಿ.

ಗಡಿಯಾರ ಸರಿಯಿರಲಿ. ಜಿಪಿಎಸ್ ಇರುವ ಕ್ಯಾಮೆರಾದಲ್ಲಿ ಭಾರತದ ಸಮಯ ಆರಿಸದಿದ್ದರೆ ವಿಡಿಯೊ ಮೇಲೆ ಐದೂವರೆ ತಾಸು ಹಿಂದಿನ ಹೊತ್ತು ಬೀಳುತ್ತದೆ. ಮಧ್ಯಾಹ್ನದ ಅಪಘಾತಕ್ಕೆ ಬೆಳಗಿನ ಸಮಯವಿದ್ದರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು.

ರಾತ್ರಿ ಎಷ್ಟು ಸೆರೆಯಾಗುತ್ತದೆ ಎಂಬುದರ ಬಗ್ಗೆ ಭ್ರಮೆ ಬೇಡ. ಸುಗ್ಗಿಯಲ್ಲಿ ನಮ್ಮ ರಸ್ತೆಗಳು ನಿಮಗೆ ಗೊತ್ತೇ ಇವೆ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್, ಡಾಂಬರಿನ ಅರ್ಧಕ್ಕೆ ಒಣಹಾಕಿದ ಭತ್ತ, ಅದರ ಅಂಚಿಗೆ ಇಟ್ಟ ಕಲ್ಲು. ಇದೆಲ್ಲ ಹೆಡ್‌ಲೈಟ್ ಬೆಳಕಲ್ಲಿ ವಿಡಿಯೊದಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಹೈಬೀಮ್ ಹಾಕಿ ಎದುರಿಗೆ ನುಗ್ಗಿದ ಲಾರಿಯ ನಂಬರ್ ಓದಲು ಬರುವುದು ಅಪರೂಪ, ದುಬಾರಿ ಕ್ಯಾಮೆರಾದಲ್ಲೂ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಗಾಜಿಗೆ ಕೂತಿದ್ದರೆ ಬೆಳಕು ಚದುರಿ ಎಲ್ಲ ಬೆಳ್ಳಗಾಗುತ್ತದೆ. ಗಾಜನ್ನು ಒಳಗೂ ಹೊರಗೂ ಒರೆಸುತ್ತಿರಿ. ಮೈಕ್ ಆನ್ ಇದ್ದರೆ, ನಿಮ್ಮ ಕಣ್ಣಿಗೆ ಕಂಡ ನಂಬರನ್ನು ಆ ಕ್ಷಣವೇ ಜೋರಾಗಿ ಓದಿ ಹೇಳಿ. ಚಿತ್ರದಲ್ಲಿ ಮಸುಕಾಗಿದ್ದು ದನಿಯಲ್ಲಿ ಉಳಿಯುತ್ತದೆ, ನೀವೂ ಆಮೇಲೆ ಮರೆಯುವುದಿಲ್ಲ. ಬೇರೆಯವರನ್ನು ಕೂರಿಸಿಕೊಂಡಾಗ ಮೈಕ್ ಇದೆ ಎಂದು ಅವರಿಗೆ ತಿಳಿಸಿ, ಮನೆ ಮಾತು ವ್ಯಾಪಾರದ ಮಾತು ನಡೆಯುವಾಗ ಆಫ್ ಮಾಡಿ.

ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಕ್ಯಾಮೆರಾ ಬಿಸಿಲಿಗೆ ತಡೆದು ವಿಡಿಯೊ ಸಿಕ್ಕರೂ, ಅಪಘಾತವಾದ ಕೂಡಲೇ ಅದನ್ನು ಉಳಿಸಿಕೊಳ್ಳದಿದ್ದರೆ ಪ್ರಯೋಜನವಿಲ್ಲ. ಮೊದಲು ಗಾಯಾಳು, 108ಕ್ಕೆ ಫೋನ್. ಅವರಿಗೆ ಚಿಕಿತ್ಸೆ ಸಿಗುವಂತೆ ನೋಡುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಚಾಲಕನ ಹೊಣೆ. ನಂತರ ಕ್ಯಾಮೆರಾದ ಲಾಕ್ ಗುಂಡಿ ಒತ್ತಿ. ಡಿಕ್ಕಿಯ ಹೊಡೆತಕ್ಕೆ ಫೈಲ್ ತಾನೇ ಲಾಕ್ ಆಗಿರಬಹುದು, ಆದರೆ ಅದನ್ನೇ ನೆಚ್ಚಬೇಡಿ. ಆಫ್ ಮಾಡಿ ಕಾರ್ಡ್ ಹೊರಗೆ ತೆಗೆಯಿರಿ. ಒಂದು ಪ್ರತಿ ಮಾಡಿಕೊಳ್ಳಿ, ಮೂಲ ಕಾರ್ಡಿನಿಂದ ಏನನ್ನೂ ಅಳಿಸದೆ ಹಾಗೇ ಇಡಿ.

ಮೂಲ ಕಾರ್ಡ್ ಯಾಕೆ ಇಷ್ಟು ಮುಖ್ಯ ಅಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿಡಿಯೊದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೊಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದು ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರದ್ದು, ಇನ್ನೊಂದು ತಜ್ಞರದ್ದು. ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದದ ಗುರುತು, ಫೈಲು ಎಳ್ಳಷ್ಟು ಬದಲಾದರೂ ಅದು ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ ಬೇರೆಯೇ ಫೈಲಾಗುತ್ತದೆ. ನರಳುತ್ತಿರುವವರ ಮುಖವಿರುವ ವಿಡಿಯೊವನ್ನು ಗ್ರೂಪುಗಳಿಗೆ ಬಿಡುವುದಂತೂ ಮಾಡಲೇಬಾರದ ಕೆಲಸ. ಅವರ ಮನೆಯವರಿಗೆ ಸುದ್ದಿ ಆ ದಾರಿಯಲ್ಲಿ ತಲುಪಬಾರದು. ಕಾರ್ಡನ್ನು ಪೊಲೀಸರಿಗೆ ಕೊಡುವಾಗ ಸ್ವೀಕೃತಿ ಬರೆಸಿಕೊಳ್ಳಿ. ಜಿಪಿಎಸ್ ಇರುವ ಕ್ಯಾಮೆರಾದಲ್ಲಿ ವಿಡಿಯೊ ಮೇಲೆ ನಿಮ್ಮ ಕಾರಿನ ವೇಗವೂ ಅಚ್ಚಾಗಿರಬಹುದು. ಊರೊಳಗೆ 80ರಲ್ಲಿ ಹೋಗುತ್ತಿದ್ದರೆ ಅದೂ ದಾಖಲೆಯೇ, ಹಾಗಂತ ಅಳಿಸಿದರೆ ಸಾಕ್ಷ್ಯ ನಾಶದ ಇನ್ನೊಂದು ಅಪರಾಧ ಮೈಮೇಲೆ ಬರುತ್ತದೆ.

ಈ ಕ್ಯಾಮೆರಾ ನಿಮಗಿಂತ ಹೆಚ್ಚಾಗಿ ಬೇರೆಯವರಿಗೆ ಉಪಯೋಗಕ್ಕೆ ಬಂದೀತು ಎಂಬುದೂ ಮನಸ್ಸಿನಲ್ಲಿರಲಿ. ಸಿಂಧನೂರು, ಸಿರುಗುಪ್ಪ, ಬಳ್ಳಾರಿಯ 150ಎ ಹೆದ್ದಾರಿಯಲ್ಲಿ ನಸುಕಿಗೇ ಬೈಕಿನಲ್ಲಿ ಕೂಲಿಗೆ ಹೋಗುವವರು ಎಷ್ಟು ಜನ! ಯಾವುದೋ ಗಾಡಿ ಗುದ್ದಿ ನಿಲ್ಲಿಸದೆ ಹೋದರೆ, ನಂಬರ್ ಸಿಗದಿದ್ದರೆ, ಸರ್ಕಾರದ ಯೋಜನೆಯಲ್ಲಿ ಸತ್ತವರ ಮನೆಗೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದವರಿಗೆ 50 ಸಾವಿರ. ನಂಬರ್ ಸಿಕ್ಕರೆ ಅದೇ ಕುಟುಂಬ ಆ ವಾಹನದ ವಿಮೆಯ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಸತ್ತವರ ವಯಸ್ಸು, ದುಡಿಮೆ, ಅವರನ್ನು ನಂಬಿದವರ ಸಂಖ್ಯೆ ಎಲ್ಲ ಲೆಕ್ಕಕ್ಕೆ ಬಂದು ಪರಿಹಾರ ಎಷ್ಟೋ ಪಟ್ಟು ಹೆಚ್ಚಾಗಬಹುದು. ನೀವು ಹಾದುಹೋದ ಹೊತ್ತಿಗೆ ಆ ದಾರಿಯಲ್ಲಿ ಇಂಥದ್ದು ನಡೆದಿದೆ ಎಂದು ತಿಳಿದರೆ, ಹಳೆಯದು ಅಳಿಸಿಹೋಗುವ ಮೊದಲು ಕಾರ್ಡ್ ತೆಗೆದಿಟ್ಟು ಹತ್ತಿರದ ಠಾಣೆಗೆ ಹೇಳಿ. ಗಾಯಾಳುವಿಗೆ ನೆರವಾದವರನ್ನು ಪೀಡಿಸದಂತೆ 134ಎ ಕಲಮಿನ ರಕ್ಷಣೆಯಿದೆ. ಠಾಣೆಯ ಮೆಟ್ಟಿಲು ಯಾಕೆ ಹತ್ತಬೇಕು ಎಂದು ಹಿಂಜರಿಯಬೇಡಿ.